ರಾಜಾಸಾರಸ್ ನರ್ಮದೆನ್ಸಿಸ್: ಅಪೂರ್ಣ ಅಸ್ಥಿಪಂಜರವೊಂದರ ಓದು

ಎಡೆದೊರೆ ನಾಡಿನ ನೆಲ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶವನ್ನು ನಮ್ಮ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ರಾಯಚೂರು ತಾಲೂಕಿನ ಯರಗೇರಾ ಈ ನಾಡಿನೊಳಗಿನ ಊರು. ಎರೆ ಹಾಗೂ ಕೆಂಪು ಮಣ್ಣಿನ ಹೊಲಗಳು, ನಡುನಡುವೆ ಬೋಳುಗಲ್ಲಿನ ಗುಡ್ಡಗಳು, ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳು, ಇದು ಈ ಸೀಮೆಯ ಸಾಮಾನ್ಯ ನೋಟ. ಇಲ್ಲಿನ ಶಾಲೆಗಳಲ್ಲಿ ಪಳೆಯುಳಿಕೆಗಳ ವಿಷಯ ಬಂದಾಗಲೆಲ್ಲ ಹಿಂದಿನ ಸಾಲಿನಿಂದ ಬರುವ ಪ್ರಶ್ನೆಯೊಂದಿದೆ: "ನಮ್ಮ ಕಡಿ ಡೈನೋಸಾರ್ ಎಲುಬು ಸಿಗತಾವೇನ್ರಿ?" ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಭಾರತದ ಮಾಂಸಾಹಾರಿ ಡೈನೋಸಾರ್‌ಗಳ ಅಧ್ಯಯನ ಹೇಗೆ ನಡೆಯಿತು, ಎಲ್ಲಿ ಎಡವಿತು, ಯಾವ ದಾಖಲೆಯ ಬಲದಿಂದ ಸರಿದಾರಿಗೆ ಬಂತು ಎಂಬುದನ್ನೆಲ್ಲ ಹೇಳಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಆ ಪ್ರಯತ್ನವನ್ನು ಮಾಡಲಾಗಿದೆ.

ಯರಗೇರಾದ ಮಟ್ಟಿಗೆ ಉತ್ತರ "ಇಲ್ಲ" ಎಂದೇ. ಇಲ್ಲಿನ ತಳಶಿಲೆ ನೈಸ್ ಮತ್ತು ಗ್ರಾನೈಟ್. ಇವು ಭೂಮಿಯ ಆಳದಲ್ಲಿ ಅಪಾರ ಶಾಖ ಮತ್ತು ಒತ್ತಡಗಳ ನಡುವೆ ರೂಪುಗೊಂಡವು. ವಯಸ್ಸು ಸುಮಾರು 250 ಕೋಟಿ ವರ್ಷ ಮತ್ತು ಅದಕ್ಕೂ ಹೆಚ್ಚು. ಪಶ್ಚಿಮಕ್ಕೆ ಹಟ್ಟಿಯಲ್ಲಿ ಚಿನ್ನವನ್ನು ಹೊತ್ತಿರುವ ಪದರುಶಿಲೆಗಳೂ ಅದೇ ಪ್ರಾಚೀನ ಯುಗದವು. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಹಕ್ಕಿಗಳ ಕವಲೊಂದನ್ನು ಬಿಟ್ಟು ಉಳಿದವು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಯರಗೇರಾದ ಗುಡ್ಡಗಳ ಕಲ್ಲು, ಕೊನೆಯ ಡೈನೋಸಾರ್‌ಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಹಳೆಯದು. ಅಂಥ ಕಲ್ಲಿನಲ್ಲಿ ಮೂಳೆಯನ್ನು ಹುಡುಕುವುದು ವ್ಯರ್ಥ. ಮಣ್ಣು ಕಪ್ಪಗಿದೆಯಲ್ಲ, ಇದು ದಖ್ಖನ್ ಟ್ರ್ಯಾಪ್‌ನ ಲಾವಾ ಮಣ್ಣಲ್ಲವೇ ಎಂದು ಕೆಲವರು ಕೇಳುವುದುಂಟು. ದೋಆಬಿನ ಎರೆಮಣ್ಣು ಬಹುಮಟ್ಟಿಗೆ ಈ ನೈಸ್ ಶಿಲೆಯೇ ಕಳಿತು ಆದದ್ದು. ಮಣ್ಣಿನ ಬಣ್ಣದಿಂದ ತಳಶಿಲೆಯನ್ನು ನಿರ್ಧರಿಸಲಾಗದು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಪಳೆಯುಳಿಕೆ ಇಲ್ಲವೆಂದರೆ ಪ್ರಾಣಿ ಇರಲಿಲ್ಲ ಎಂದರ್ಥವಲ್ಲ. ಡೈನೋಸಾರ್‌ಗಳ ಕಾಲದಲ್ಲಿ ಈ ನೆಲ ಸಮುದ್ರದ ಮೇಲೇ ಇತ್ತು. ಮಳೆ ಗಾಳಿಗಳಿಗೆ ಸವೆಯುತ್ತಿತ್ತು. ಸವೆದದ್ದು ಬೇರೆಡೆಗೆ ಸಾಗುತ್ತಿತ್ತು. ಮೂಳೆ ಉಳಿಯಲು ಅದು ಬೇಗನೆ ಹೂಳಿನಲ್ಲಿ ಮುಚ್ಚಿಹೋಗಬೇಕು, ಆ ಹೂಳು ಕಲ್ಲಾಗಬೇಕು, ಕಲ್ಲಾದದ್ದು ಮುಂದೆ ಸವೆದುಹೋಗದೆ ಉಳಿಯಬೇಕು. ಈ ಮೂರರಲ್ಲಿ ಒಂದೂ ಇಲ್ಲಿ ನಡೆದ ಕುರುಹಿಲ್ಲ. ಆದ್ದರಿಂದ ಇಲ್ಲಿ ಡೈನೋಸಾರ್ ಸಂಚರಿಸಿತ್ತೆಂದು ಹೇಳಲು ಆಧಾರವಿಲ್ಲ. ಸಂಚರಿಸಿರಲಿಲ್ಲವೆಂದು ಹೇಳಲೂ ಆಧಾರವಿಲ್ಲ.

ಹಾಗೆಂದು ರಾಯಚೂರು ಜಿಲ್ಲೆಯಲ್ಲಿ ಹಳೆಯ ಮೂಳೆಗಳೇ ಸಿಕ್ಕಿಲ್ಲವೆಂದಲ್ಲ. ಮುದಗಲ್ಲಿನ ಬಳಿಯ ಪಿಕ್ಲಿಹಾಳದ ಉತ್ಖನನದ ವರದಿಯನ್ನು ಎಫ್. ಆರ್. ಆಲ್ಚಿನ್ 1960ರಲ್ಲಿ ಪ್ರಕಟಿಸಿದರು. ಅಲ್ಲಿ ಹಾಗೂ ಈ ಸೀಮೆಯ ಇತರ ನವಶಿಲಾಯುಗದ ನೆಲೆಗಳಲ್ಲಿ ದೊರೆತವು ಮುಖ್ಯವಾಗಿ ಸಾಕಿದ ದನಗಳ ಎಲುಬುಗಳು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಚಿತಾಭಸ್ಮವೆಂದು ಹೇಳುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಬರಹಗಾರರು ದಾಖಲಿಸಿದ್ದಾರೆ. ಅವು ದನದ ಹಟ್ಟಿಗಳ ಸಗಣಿ ಸುಟ್ಟು ಉಂಟಾದ ರಾಶಿಗಳೆಂದು ಮುಂದೆ ಸಿದ್ಧವಾಯಿತು. ಕರ್ನಾಟಕದಲ್ಲಿ ಇದಕ್ಕಿಂತ ಹಿಂದಿನ ಪ್ರಾಣಿಯ ಗಮನಾರ್ಹ ನಿದರ್ಶನವೆಂದರೆ ರಾಬರ್ಟ್ ಬ್ರೂಸ್ ಫೂಟ್ ಅವರು ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಕಂಡು 1874ರಲ್ಲಿ ವರ್ಣಿಸಿದ ಘೇಂಡಾಮೃಗ. ಅದೂ ಡೈನೋಸಾರ್‌ಗಳು ಅಳಿದು ಆರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲಿನ ಜೀವಿ. ಡೈನೋಸಾರ್‌ಗಾಗಿ ನಾವು ಉತ್ತರಕ್ಕೆ, ನರ್ಮದೆಯ ಕಣಿವೆಗೇ ಹೋಗಬೇಕು.

ಬಾರಾ ಸಿಮ್ಲಾದ ರಾಶಿ

ನರ್ಮದೆಯ ಕಣಿವೆಯ ಉದ್ದಕ್ಕೂ ದಖ್ಖನ್ ಟ್ರ್ಯಾಪ್‌ನ ಲಾವಾ ಹಾಸುಗಳ ಅಡಿಯಲ್ಲಿ ಲಮೇಟಾ ಶಿಲಾಸಮೂಹವೆಂಬ ತೆಳ್ಳನೆಯ ಪದರಗಳಿವೆ. ಸುಣ್ಣಾಂಶ ಬೆರೆತ ಮಣ್ಣು, ಮರಳುಗಲ್ಲು, ನದಿ ಹಾಗೂ ಕೆರೆಗಳ ಹೂಳು ಇದರಲ್ಲಿವೆ. ಭಾರತದ ಡೈನೋಸಾರ್ ಅಧ್ಯಯನ ಆರಂಭವಾದದ್ದು ಇಲ್ಲಿಯೇ. 1828ರಲ್ಲಿ ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದ ಬಳಿ ಡಬ್ಲ್ಯು. ಎಚ್. ಸ್ಲೀಮನ್ ಕೆಲವು ಬೆನ್ನುಮಣಿಗಳನ್ನು ಸಂಗ್ರಹಿಸಿದರು. ಠಕ್ಕರನ್ನು ಅಡಗಿಸಿದವರೆಂದು ಚರಿತ್ರೆಯ ಪುಸ್ತಕಗಳಲ್ಲಿ ನಾವು ಓದುವ ಸ್ಲೀಮನ್ನರೇ ಇವರು. ಡೈನೋಸಾರ್ ಎಂಬ ಪದವೇ ಹುಟ್ಟಿರದ ಕಾಲವದು. ರಿಚರ್ಡ್ ಓವೆನ್ ಆ ಪದವನ್ನು ಬಳಕೆಗೆ ತಂದದ್ದು 1842ರಲ್ಲಿ. ಸ್ಲೀಮನ್ ಎತ್ತಿದ ಮಣಿಗಳ ಆಧಾರದ ಮೇಲೆ ರಿಚರ್ಡ್ ಲಿಡೆಕರ್ 1877ರಲ್ಲಿ ಟೈಟನೋಸಾರಸ್ ಇಂಡಿಕಸ್ ಎಂಬ ಬೃಹತ್ ಸಸ್ಯಾಹಾರಿಯನ್ನು ಹೆಸರಿಸಿದರು.

ಮಾಂಸಾಹಾರಿಗಳ ಮೂಳೆಗಳು ದೊಡ್ಡ ಪ್ರಮಾಣದಲ್ಲಿ ದೊರೆತದ್ದು ಸಿ. ಎ. ಮ್ಯಾಟ್ಲಿ ಅವರು 1917ರಿಂದ 1919ರವರೆಗೆ ಅದೇ ಗುಡ್ಡದಲ್ಲಿ ನಡೆಸಿದ ಅಗೆತದಲ್ಲಿ. ಅಲ್ಲಿನ ಒಂದು ಪದರದಲ್ಲಿ ಬೇರೆ ಬೇರೆ ಗಾತ್ರದ ಬೇಟೆಗಾರ ಪ್ರಾಣಿಗಳ ಎಲುಬುಗಳು ಕಲಸಿದಂತೆ ಬಿದ್ದಿದ್ದವು. ಒಂದು ಮೂಳೆಗೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಹೇಳುವುದೇ ಕಷ್ಟವಾಗಿತ್ತು. ತೊಡಕು ಹುಟ್ಟಿದ್ದು ಇಲ್ಲಿ. ಸೊಂಟದ ಮೂಳೆಗಳು, ಒಂದು ಕಾಲೆಲುಬು ಮತ್ತು ಚರ್ಮದ ಮೇಲಿನ ರಕ್ಷಾಫಲಕಗಳನ್ನು ಒಂದೇ ಪ್ರಾಣಿಯವೆಂದು ಭಾವಿಸಿ ಮ್ಯಾಟ್ಲಿ ಲಮೇಟಾಸಾರಸ್ ಇಂಡಿಕಸ್ ಎಂಬ ಕವಚಧಾರಿ ಸಸ್ಯಾಹಾರಿಯನ್ನು ವರ್ಣಿಸಿದರು. 1935ರಲ್ಲಿ ಡಿ. ಕೆ. ಚಕ್ರವರ್ತಿ ಇದನ್ನು ಪ್ರಶ್ನಿಸಿ, ಸೊಂಟ ಮತ್ತು ಕಾಲುಗಳು ಮಾಂಸಾಹಾರಿಯವು, ಫಲಕಗಳು ಬೇರೆಯದರವು ಎಂದು ವಾದಿಸಿದರು. ಎರಡು ಪ್ರಾಣಿಗಳ ಅವಶೇಷ ಸೇರಿ ಮೂರನೆಯದೊಂದು ಪ್ರಾಣಿ ಕಾಗದದ ಮೇಲೆ ಹುಟ್ಟಿತ್ತು.

ಜರ್ಮನಿಯ ಟ್ಯೂಬಿಂಗನ್ನಿನ ಫ್ರೀಡ್ರಿಖ್ ಫಾನ್ ಹ್ಯೂನೆ ಹಾಗೂ ಮ್ಯಾಟ್ಲಿ ಸೇರಿ ಬರೆದ ದೊಡ್ಡ ಪ್ರಬಂಧ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪೇಲಿಯಾಂಟಾಲಜಿಯಾ ಇಂಡಿಕಾ ಮಾಲೆಯಲ್ಲಿ 1933ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಒಂದೇ ಗುಡ್ಡದ ಮಾಂಸಾಹಾರಿಗಳಿಗೆ ಎಂಟು ಹೊಸ ಕುಲನಾಮಗಳನ್ನು ನೀಡಲಾಗಿದೆ. ಅವುಗಳಲ್ಲಿ ಇಂಡೋಸಾರಸ್ ಮತ್ತು ಇಂಡೋಸೂಕಸ್ ಎಂಬ ಎರಡು ದೊಡ್ಡವು, ತಲೆಬುರುಡೆಯ ಭಾಗಗಳನ್ನು ಆಧರಿಸಿದವು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಬಿಡಿ ಬೆನ್ನುಮಣಿಗಳೇ ಆಧಾರ. ಒಂದು ಪ್ರಾಣಿಯ ಬೆನ್ನುಮಣಿಗಳು ಕುತ್ತಿಗೆಯಲ್ಲಿ ಒಂದು ಬಗೆ, ಬೆನ್ನಿನಲ್ಲಿ ಇನ್ನೊಂದು, ಬಾಲದಲ್ಲಿ ಮತ್ತೊಂದು ಬಗೆಯಾಗಿರುತ್ತವೆ ಎಂಬುದನ್ನು ನೆನೆದರೆ ಎಂಟು ಹೆಸರುಗಳಲ್ಲಿ ಎಷ್ಟು ನಿಲ್ಲಬಹುದೆಂಬ ಸಂಶಯ ಸಹಜ. ಹ್ಯೂನೆಯವರ ವಿದ್ವತ್ತಿನ ಬಗ್ಗೆ ಎರಡು ಮಾತಿಲ್ಲ. ಕೊರತೆಯಿದ್ದದ್ದು ವಿದ್ವತ್ತಿನಲ್ಲಿ ಅಲ್ಲ, ಯಾವ ಮೂಳೆ ಯಾವುದರ ಪಕ್ಕದಲ್ಲಿ ಬಿದ್ದಿತ್ತೆಂಬ ಮಾಹಿತಿಯಲ್ಲಿ.

ಇನ್ನೊಂದು ನಷ್ಟವೂ ಸೇರಿಕೊಂಡಿತು. ಬಾರಾ ಸಿಮ್ಲಾದ ಹಲವು ಮೂಲ ಮೂಳೆಗಳು ನಂತರದ ಸಂಶೋಧಕರ ಕೈಗೆ ಸಿಗಲಿಲ್ಲ. ಲಮೇಟಾಸಾರಸ್‌ನ ಅವಶೇಷಗಳ ಬಹುಭಾಗ ಕಾಣೆಯಾಗಿದೆ. ಇಂಥ ಸಂದರ್ಭಗಳಲ್ಲಿ 1933ರ ಪ್ರಬಂಧದ ಚಿತ್ರಫಲಕಗಳೇ ಮೂಳೆಯ ಸ್ಥಾನವನ್ನು ತುಂಬುತ್ತವೆ. ಕಲ್ಲಾಗಿ ಆರೂವರೆ ಕೋಟಿ ವರ್ಷ ಬಾಳಿದ ವಸ್ತು, ಅಗೆದು ತೆಗೆದ ಒಂದು ಶತಮಾನದೊಳಗೆ ಕಳೆದುಹೋಗಿ, ಅದರ ಅಚ್ಚಿನ ಚಿತ್ರ ಗ್ರಂಥಾಲಯಗಳಲ್ಲಿ ಉಳಿದುಬಂದಿರುವುದನ್ನು ಗ್ರಂಥಪಾಲಕರು ವಿಶೇಷವಾಗಿ ಗಮನಿಸಬೇಕು. ಹಳೆಯ ಮಾಲೆಗಳ ಫಲಕಗಳನ್ನು ಬೇರ್ಪಡಿಸಿ ಬೈಂಡು ಮಾಡಿಸುವ, ಹರಿದವನ್ನು ತೆಗೆದುಹಾಕುವ ಅಭ್ಯಾಸ ನಮ್ಮ ಕೆಲವು ಗ್ರಂಥಾಲಯಗಳಲ್ಲಿದೆ. ಅದು ಎಂಥ ಹಾನಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಕಳೆದದ್ದೆಲ್ಲ ಶಾಶ್ವತವಾಗಿ ಹೋಯಿತೆಂದೂ ಅಲ್ಲ. ಲಿಡೆಕರ್ ವರ್ಣಿಸಿದ ಟೈಟನೋಸಾರಸ್‌ನ ಮಣಿ ಬಹುಕಾಲ ನಾಪತ್ತೆಯಾಗಿದ್ದು, 2012ರಲ್ಲಿ ಕೋಲ್ಕತ್ತದ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲಿಯೇ ಧನಂಜಯ ಮೊಹಬೆ ಮತ್ತು ಸುಭಾಸಿಸ್ ಸೇನ್ ಅವರಿಗೆ ಮತ್ತೆ ದೊರೆಯಿತು. ಅದನ್ನು ಗುರುತಿಸಲು ನೆರವಾದದ್ದೂ ಹಿಂದೆ ಪ್ರಕಟವಾಗಿದ್ದ ವಿವರಗಳೇ.

ಇದೇ ಗುಡ್ಡದಿಂದ ಟೈರನೊಸಾರಸ್‌ನ ಶೋಧಕ ಬಾರ್ನಮ್ ಬ್ರೌನ್ 1922ರಲ್ಲಿ ಕೆಲವು ದವಡೆಯ ಭಾಗಗಳನ್ನು ನ್ಯೂಯಾರ್ಕಿಗೆ ಒಯ್ದಿದ್ದರು. ಅವು ಇಂಡೋಸೂಕಸ್‌ನವೆಂದು ಶಂಕರ ಚಟರ್ಜಿ 1978ರಲ್ಲಿ ಗುರುತಿಸಿದರು. ಆದರೂ ಈ ಪ್ರಾಣಿಗಳ ಬಂಧುಗಳಾರೆಂಬುದು ಸ್ಪಷ್ಟವಾಗಿರಲಿಲ್ಲ. ಉತ್ತರ ಭೂಖಂಡಗಳ ಪರಿಚಿತ ಕುಟುಂಬಗಳಲ್ಲಿಯೇ ಅವುಗಳಿಗೆ ಜಾಗ ಹುಡುಕಲಾಗುತ್ತಿತ್ತು. 1985ರಲ್ಲಿ ಅರ್ಜೆಂಟೀನಾದ ಹೋಸೆ ಬೊನಪಾರ್ಟೆ ಮತ್ತು ಫೆರ್ನಾಂಡೊ ನೋವಾಸ್ ಅವರು ಅಬೆಲಿಸಾರಸ್ ಎಂಬ ಪ್ರಾಣಿಯನ್ನು ವರ್ಣಿಸಿ ಹೊಸ ಕುಟುಂಬವೊಂದನ್ನು ಸ್ಥಾಪಿಸಿದ ಮೇಲೆ ಚಿತ್ರ ಬದಲಾಯಿತು. ಅದೇ ವರ್ಷ ಬೊನಪಾರ್ಟೆ ವರ್ಣಿಸಿದ ಕಾರ್ನೋಟಾರಸ್‌ನ ಅಸ್ಥಿಪಂಜರ ಬಹುತೇಕ ಪೂರ್ಣವಾಗಿತ್ತು: ಗಿಡ್ಡ ಎತ್ತರದ ತಲೆ, ಕಣ್ಣಿನ ಮೇಲೆ ಎರಡು ಕೊಂಬು, ಹೆಸರಿಗಷ್ಟೇ ಇದ್ದ ಮುಂಗೈ. ಜಬಲ್ಪುರದ ತುಣುಕುಗಳಿಗೆ ಸರಿಹೊಂದುವ ನೆಂಟ ದಕ್ಷಿಣ ಅಮೆರಿಕದಲ್ಲಿ ಸಿಕ್ಕಿದ್ದ.

ರಹಿಯೋಲಿಯ ನಕ್ಷೆ

ಗುಜರಾತಿನ ಬಾಲಾಸಿನೋರ್ ಬಳಿಯ ರಹಿಯೋಲಿ ಆಗ ಖೇಡಾ ಜಿಲ್ಲೆಯಲ್ಲಿತ್ತು. 2013ರಿಂದ ಮಹಿಸಾಗರ ಜಿಲ್ಲೆಗೆ ಸೇರಿದೆ. 1981ರಲ್ಲಿ ಸರ್ವೇಕ್ಷಣಾ ಸಂಸ್ಥೆಯ ಭೂವಿಜ್ಞಾನಿಗಳು ಅಲ್ಲಿನ ಸಿಮೆಂಟ್ ಸುಣ್ಣಕಲ್ಲಿನ ಗಣಿಗೆ ಹೋದಾಗ, ಗಣಿಯಲ್ಲಿ ದೊರೆಯುತ್ತಿದ್ದ ಗುಂಡನೆಯ ಕಲ್ಲುಗಳು ಅವರ ಗಮನಕ್ಕೆ ಬಂದವು. ಅವು ಡೈನೋಸಾರ್ ಮೊಟ್ಟೆಗಳು. ಸಮೀಪದ ಪದರದಲ್ಲಿ ಮೂಳೆಗಳೂ ಇದ್ದವು. ಸಂಸ್ಥೆಯ ಸುರೇಶ್ ಶ್ರೀವಾಸ್ತವ ಅವರು 1982ರಿಂದ 1984ರವರೆಗೆ ಅಲ್ಲಿ ಅಗೆತ ನಡೆಸಿ ಬಹುಸಂಖ್ಯೆಯ ಮೂಳೆಗಳನ್ನು ಹೊರತೆಗೆದರು. ಅವುಗಳಲ್ಲಿ ಟೈಟನೋಸಾರ್‌ಗಳ ಮೂಳೆಗಳೂ ಮಾಂಸಾಹಾರಿಯ ಮೂಳೆಗಳೂ ಬೆರೆತಿದ್ದವು.

ಮೇಲ್ನೋಟಕ್ಕೆ ಇದೂ ಬಾರಾ ಸಿಮ್ಲಾದಂಥದೇ ರಾಶಿ. ಆದರೆ ಶ್ರೀವಾಸ್ತವ ಅವರು ಮೂಳೆ ಎತ್ತುವ ಮುನ್ನ ಅದು ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಟ್ಟಿದ್ದರು. ಮೂಳೆಗಳು ಜೈಪುರದ ಸಂಗ್ರಹದಲ್ಲಿ ವರ್ಷಗಳ ಕಾಲ ಇದ್ದವು. 2001ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್, ಷಿಕಾಗೋ ವಿಶ್ವವಿದ್ಯಾಲಯದ ಪಾಲ್ ಸೆರೆನೊ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಅಶೋಕ್ ಸಾಹ್ನಿ ಮೊದಲಾದವರು ಸರ್ವೇಕ್ಷಣಾ ಸಂಸ್ಥೆಯವರೊಡನೆ ಸೇರಿ ಆ ಸಂಗ್ರಹವನ್ನು ಪುನಃ ಪರಿಶೀಲಿಸಲು ತೊಡಗಿದಾಗ ಈ ನಕ್ಷೆಯ ಬೆಲೆ ತಿಳಿಯಿತು. ಸೊಂಟದ ಎಡಬಲದ ಮೂಳೆಗಳು, ಅವುಗಳ ನಡುವೆ ಬೆಸೆದುಕೊಂಡ ಬೆನ್ನುಮಣಿಗಳು ಒಂದೇ ಪ್ರಾಣಿಯವೆಂಬುದನ್ನು ಅವು ನೆಲದಲ್ಲಿ ಬಿದ್ದಿದ್ದ ರೀತಿಯಿಂದಲೇ ಸಮರ್ಥಿಸಬಹುದಾಗಿತ್ತು. ಮಿದುಳಿನ ಕವಚ, ಕುತ್ತಿಗೆ, ಬೆನ್ನು ಮತ್ತು ಬಾಲದ ಮಣಿಗಳು, ತೊಡೆಯ ಮತ್ತು ಮೊಣಕಾಲ ಕೆಳಗಿನ ಮೂಳೆಗಳು ಸೇರಿ ಒಂದು ಅಪೂರ್ಣ ಅಸ್ಥಿಪಂಜರವಾಯಿತು. 2003ರ ಆಗಸ್ಟ್‌ನಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಹೆಸರಿನೊಂದಿಗೆ ಪ್ರಬಂಧ ಪ್ರಕಟವಾಯಿತು. ಲೇಖಕರಲ್ಲಿ ಶ್ರೀವಾಸ್ತವ ಅವರೂ ಒಬ್ಬರು. ಸರ್ವೇಕ್ಷಣಾ ಸಂಸ್ಥೆಯ ದಾಖಲೆಯಲ್ಲಿ ಮೂಲಮಾದರಿಯ ಸಂಖ್ಯೆ 21141. ಅದರಡಿ 1ರಿಂದ 33ರವರೆಗೆ ಉಪಸಂಖ್ಯೆಗಳು. ಅಗೆತಕ್ಕೂ ಹೆಸರಿಗೂ ನಡುವೆ ಸುಮಾರು ಇಪ್ಪತ್ತು ವರ್ಷ ಕಳೆದಿತ್ತು. ಇಪ್ಪತ್ತು ವರ್ಷಗಳ ನಂತರ ಬೇರೆಯವರು ಬಂದು ಓದಿದರೂ ಅರ್ಥವಾಗುವಂತೆ ನಕ್ಷೆ ಬರೆದಿಟ್ಟವರ ಶ್ರಮ ಪತ್ರಿಕೆಗಳ ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ. ಅಲ್ಲಿ "ನರ್ಮದೆಯ ರಾಜ"ನ ಉಗ್ರತೆಯೇ ಮೆರೆದಿತ್ತು. ರಾಜತ್ವಕ್ಕೆ ಮೂಳೆಯಲ್ಲಿ ಸಾಕ್ಷ್ಯವೇನೂ ಇಲ್ಲ. ತಲೆಯ ಮೇಲಿನ ಶಿಖೆಯನ್ನು ಕಿರೀಟವೆಂದುಕೊಂಡರೆ ಅದಷ್ಟೇ.

ಮೂಳೆ ಹೇಳುವುದು, ನಾವು ತುಂಬುವುದು

ರಾಜಾಸಾರಸ್‌ನ ತಲೆಬುರುಡೆಯಲ್ಲಿ ಉಳಿದಿರುವುದು ಮುಖ್ಯವಾಗಿ ಹಿಂಭಾಗ. ಮೂಗಿನ ಮೂಳೆಗಳೂ ಹಣೆಯ ಮೂಳೆಗಳೂ ಕೂಡುವ ಕಡೆ ನಡುವಿನಲ್ಲಿ ಒಂದು ದಿಬ್ಬವಿದೆ. ಇದೇ ಅದರ ಒಂಟಿ ಗಿಡ್ಡ ಕೊಂಬಿನ ಬುಡ. ಕಾರ್ನೋಟಾರಸ್‌ನ ಎರಡು ಕೊಂಬುಗಳು ಹಣೆಯ ಮೂಳೆಯಿಂದ ಪಕ್ಕಕ್ಕೆ ಚಾಚಿದ್ದವು. ಮಡಗಾಸ್ಕರಿನ ಮಜುಂಗಾಸಾರಸ್‌ನ ಒಂಟಿ ಗುಬಟು ಹಣೆಯ ಮೂಳೆಯದೇ. ರಾಜಾಸಾರಸ್‌ನಲ್ಲಿ ಹಣೆಯ ಮೂಳೆ ದಿಬ್ಬದ ಹಿಂದಿನ ಅಂಚನ್ನು ಮಾತ್ರ ರೂಪಿಸುತ್ತದೆ, ಉಳಿದದ್ದು ಮೂಗಿನ ಮೂಳೆಯದು. ದವಡೆಯ ಸ್ನಾಯುಗಳು ಹಾದುಹೋಗುವ ತಲೆಯ ಮೇಲಿನ ರಂಧ್ರಗಳು ಉದ್ದವಾಗಿವೆ, ಹಣೆಯ ಮೂಳೆಯ ಒಂದೂವರೆ ಪಟ್ಟು. ಸೊಂಟದ ಮೂಳೆ ದಪ್ಪವಾಗಿದ್ದು ಅದರಲ್ಲಿ ಅಡ್ಡಲಾಗಿ ಒಂದು ಏಣು ಇದೆ. ಇಂಥ ಕೆಲವೇ ಲಕ್ಷಣಗಳು ಇದನ್ನು ಬೇರೆಲ್ಲ ಅಬೆಲಿಸಾರಿಡ್‌ಗಳಿಂದ ಪ್ರತ್ಯೇಕಿಸುತ್ತವೆ. ಹೆಸರು ನಿಂತಿರುವುದು ಈ ಲಕ್ಷಣಗಳ ಮೇಲೆಯೇ ಹೊರತು ಪ್ರಾಣಿಯ ಒಟ್ಟು ಆಕಾರದ ಮೇಲಲ್ಲ.

ಮೂತಿಯ ಬಹುಭಾಗ ಮತ್ತು ಮುಂಗೈಗಳು ಮೂಲಮಾದರಿಯಲ್ಲಿ ಇಲ್ಲ. ಆದರೂ ಪುಸ್ತಕಗಳಲ್ಲಿ ಬಣ್ಣದ ಪೂರ್ಣ ಚಿತ್ರಗಳಿವೆ. ಈ ತುಂಬುವಿಕೆಯನ್ನು ಅರಿಯಲು ನಮ್ಮ ಜಿಲ್ಲೆಯದೇ ಒಂದು ಹೋಲಿಕೆ ಉಪಯುಕ್ತ. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡರು, ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಬಂಡೆಯ ಮೇಲಿನ ಹಲವು ಅಕ್ಷರಗಳು ಅಳಿದುಹೋಗಿವೆ. ಅದೇ ಲಘುಶಾಸನದ ಇತರ ಪ್ರತಿಗಳನ್ನು ಹೋಲಿಸಿ ಬಿಟ್ಟ ಜಾಗಗಳನ್ನು ತುಂಬಲಾಗುತ್ತದೆ. ಆ ಪ್ರತಿಗಳಲ್ಲೊಂದು ರೂಪನಾಥದ್ದು. ರೂಪನಾಥ ಹಿಂದಿನ ಜಬಲ್ಪುರ ಜಿಲ್ಲೆಯದೇ ಎಂಬುದು ಕೇವಲ ಕಾಕತಾಳೀಯ. ಶಾಸನ ಸಂಪಾದಕರು ತಾವು ತುಂಬಿದ ಅಕ್ಷರಗಳನ್ನು ಆವರಣ ಚಿಹ್ನೆಯೊಳಗೆ ಇಡುತ್ತಾರೆ. ಓದುಗನಿಗೆ ಬಂಡೆಯ ಮಾತು ಯಾವುದು, ಸಂಪಾದಕರ ಮಾತು ಯಾವುದು ಎಂದು ತಿಳಿಯುತ್ತದೆ. ರಾಜಾಸಾರಸ್‌ನ ಮೂತಿಯನ್ನು ಮಜುಂಗಾಸಾರಸ್‌ನ ಪೂರ್ಣ ತಲೆಬುರುಡೆಯಿಂದ ತುಂಬುವ ವಿಧಾನವೂ ಇದೇ. ವ್ಯತ್ಯಾಸವೆಂದರೆ ಚಿತ್ರದ ಮೇಲೆ ಚರ್ಮ ಹೊದಿಸಿದ ಕೂಡಲೇ ಆವರಣ ಚಿಹ್ನೆ ಮಾಯವಾಗುತ್ತದೆ. ಸಂಶೋಧನ ಪ್ರಬಂಧಗಳಲ್ಲಿ ದೊರೆತ ಮೂಳೆಗೆ ಒಂದು ಛಾಯೆ, ಊಹಿಸಿದ್ದಕ್ಕೆ ಇನ್ನೊಂದು ಛಾಯೆ ಕೊಡುವ ಪದ್ಧತಿ ಇದೆ. ಶಾಲಾ ಪುಸ್ತಕಗಳಿಗೆ ಬರುವಷ್ಟರಲ್ಲಿ ಅದು ಕಳಚಿಬೀಳುತ್ತದೆ. ನಮ್ಮ ಭಾಗದವರಿಗೆ ಹತ್ತಿರದಲ್ಲಿ ಕಾಣಸಿಗುವ ಡೈನೋಸಾರ್ ಎಂದರೆ ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದ ಕೋಟಾಸಾರಸ್. ಗೋದಾವರಿ ಕಣಿವೆಯ ಆ ಸಸ್ಯಾಹಾರಿಯ ಅಸ್ಥಿಪಂಜರವೂ ಒಂದು ಪ್ರಾಣಿಯದಲ್ಲ, ಹಲವು ಪ್ರಾಣಿಗಳ ಮೂಳೆಗಳನ್ನು ಜೋಡಿಸಿದ್ದು. ಅದರಲ್ಲಿ ತಪ್ಪೇನಿಲ್ಲ, ನೋಡುವವರಿಗೆ ಅದು ಗೊತ್ತಿರಬೇಕು ಅಷ್ಟೆ.

ಗಾತ್ರದ ವಿಷಯಕ್ಕೆ ಬಂದರೆ ಈ ಎಚ್ಚರಿಕೆಯ ಅಗತ್ಯ ಇನ್ನೂ ಸ್ಪಷ್ಟ. 2003ರ ಸುಮಾರಿಗೆ ಇದರ ಉದ್ದ 7.6ರಿಂದ 9 ಮೀಟರ್ ಎನ್ನಲಾಗಿತ್ತು. 2010ರಲ್ಲಿ ಗ್ರೆಗರಿ ಪಾಲ್ 11 ಮೀಟರ್ ಎಂದರು. ಅನಂತರ ಅಬೆಲಿಸಾರಿಡ್‌ಗಳ ಅಳತೆಗಳನ್ನೇ ಒಟ್ಟಾಗಿ ಪರಿಶೀಲಿಸಿದ ಗ್ರಿಲ್ಲೊ ಮತ್ತು ಡೆಲ್ಕೋರ್ಟ್ 6.6 ಮೀಟರ್ ಎಂದು ಲೆಕ್ಕ ಹಾಕಿದರು. ಅವೇ ಮೂಳೆಗಳು, ಮೂರು ಉತ್ತರಗಳು. ದೊರೆತ ಮೂಳೆಯನ್ನು ಯಾವ ಬಂಧುವಿನ ಪ್ರಮಾಣಕ್ಕೆ ಹಿಗ್ಗಿಸುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. ಕೊನೆಯ ಲೆಕ್ಕವು ಅದೇ ಕುಟುಂಬದ ಪ್ರಾಣಿಗಳನ್ನು ಆಧರಿಸಿರುವುದರಿಂದ ಹೆಚ್ಚು ಒಪ್ಪತಕ್ಕದ್ದೆಂದು ತೋರುತ್ತದೆ. ಹನ್ನೆರಡು ಮೀಟರಿನ ಟೈರನೊಸಾರಸ್‌ಗೆ ಹೋಲಿಸಿದರೆ ಇದು ಮಧ್ಯಮ ಗಾತ್ರದ ಬೇಟೆಗಾರ.

ಇದರ ಬಂಧುಗಳು ಅರ್ಜೆಂಟೀನಾ, ಮಡಗಾಸ್ಕರ್‌ಗಳಲ್ಲಿ ಇರುವುದಕ್ಕೆ ಕಾರಣ ಗೊಂಡ್ವಾನಾ ಭೂಖಂಡ. ಭಾರತ ಮಡಗಾಸ್ಕರಿನಿಂದ ಬೇರ್ಪಟ್ಟದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ರಾಜಾಸಾರಸ್ ಬದುಕಿದ್ದ ಕಾಲ, ಅಂದರೆ ಸುಮಾರು 7ರಿಂದ 6.6 ಕೋಟಿ ವರ್ಷಗಳ ಹಿಂದೆ, ಭಾರತ ಉತ್ತರಕ್ಕೆ ಸಾಗುತ್ತಿದ್ದ ಭೂಭಾಗ. ಮಜುಂಗಾಸಾರಸ್‌ನೊಡನೆ ಇದಕ್ಕಿರುವ ಹತ್ತಿರದ ಸಂಬಂಧ ಬೇರ್ಪಡುವಿಕೆಗೆ ಮೊದಲಿನ ನೆಂಟಸ್ತಿಕೆಯ ಉಳಿಕೆ ಎಂದು ಹಲವರು ಭಾವಿಸುತ್ತಾರೆ.

ರಹಿಯೋಲಿಯ ಕಥೆ 2003ಕ್ಕೆ ನಿಲ್ಲಲಿಲ್ಲ. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು 1995 ಮತ್ತು 1997ರಲ್ಲಿ ಅಲ್ಲಿಯೇ ಸಂಗ್ರಹಿಸಿದ ಮೂಳೆಗಳನ್ನು ಆಧರಿಸಿ ನೋವಾಸ್, ಚಟರ್ಜಿ, ರುದ್ರ ಮತ್ತು ದತ್ತ 2010ರಲ್ಲಿ ರಹಿಯೋಲಿಸಾರಸ್ ಗುಜರಾತೆನ್ಸಿಸ್ ಎಂಬ ಇನ್ನೊಂದು ಅಬೆಲಿಸಾರಿಡ್‌ನ್ನು ಹೆಸರಿಸಿದರು. ಇದು ರಾಜಾಸಾರಸ್‌ಗಿಂತ ತೆಳುಮೈಯದು. ಕನಿಷ್ಠ ಏಳು ಪ್ರಾಣಿಗಳ ಅವಶೇಷಗಳಿವೆ, ಗಾತ್ರಗಳೂ ಬೇರೆ ಬೇರೆ. ಒಂದೇ ಊರಿನ ಒಂದೇ ಕಾಲದ ಪದರದಲ್ಲಿ ಎರಡು ದೊಡ್ಡ ಬೇಟೆಗಾರ ಕುಲಗಳಿರುವುದು ಅಸಂಭವವೇನಲ್ಲ. ಆದರೆ ಬಾರಾ ಸಿಮ್ಲಾದ ಎಂಟು ಹೆಸರುಗಳ ಅನುಭವವಿರುವಾಗ, ವಯಸ್ಸಿನಿಂದಲೂ ವ್ಯಕ್ತಿಭೇದದಿಂದಲೂ ಉಂಟಾಗುವ ದಪ್ಪ ತೆಳುವುಗಳನ್ನು ಕಳೆದು ಉಳಿಯುವ ವ್ಯತ್ಯಾಸಗಳಿಗೆ ಮಾತ್ರ ತೂಕ ಕೊಡುವುದು ಒಳಿತೆಂಬುದು ಈ ಲೇಖಕನ ಅಭಿಪ್ರಾಯ. 2019ರ ಜೂನ್‌ನಲ್ಲಿ ರಹಿಯೋಲಿಯಲ್ಲಿಯೇ ಡೈನೋಸಾರ್ ವಸ್ತುಸಂಗ್ರಹಾಲಯವೊಂದು ಆರಂಭವಾಗಿದೆ.

ಗುರುಮಠಕಲ್ಲಿನ ಅಂಚು

ಮತ್ತೆ ಯರಗೇರಾದ ಪ್ರಶ್ನೆಗೆ ಬರೋಣ. "ನಮ್ಮ ಕಡಿ" ಎಂಬುದನ್ನು ಸ್ವಲ್ಪ ವಿಶಾಲವಾಗಿ ತೆಗೆದುಕೊಂಡರೆ ಉತ್ತರ ಬೇರೆಯಾಗುತ್ತದೆ. ಉತ್ತರಕ್ಕೆ, ನೇರ ಗೆರೆ ಎಳೆದರೆ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಇಂದಿನ ಯಾದಗಿರಿ ಜಿಲ್ಲೆಯ ಗುರುಮಠಕಲ್ ಇದೆ. ದಖ್ಖನ್ ಟ್ರ್ಯಾಪ್‌ನ ದಕ್ಷಿಣದ ಅಂಚು ಈ ಭಾಗದಲ್ಲಿ ಹಾದುಹೋಗುತ್ತದೆ. ಒಂದು ಲಾವಾ ಪ್ರವಾಹಕ್ಕೂ ಮುಂದಿನ ಪ್ರವಾಹಕ್ಕೂ ನಡುವೆ ಬಿಡುವಿದ್ದಾಗ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾಗಿ ಹೂಳು ತುಂಬಿತು. ಮೇಲೆ ಮತ್ತೆ ಲಾವಾ ಹರಿದು ಅದನ್ನು ಮುಚ್ಚಿತು. ಇಂಥ ಅಂತರ್‌ಟ್ರ್ಯಾಪ್ ಪದರಗಳು ಗುರುಮಠಕಲ್ ಭಾಗದಲ್ಲಿವೆ. ಅಲ್ಲಿಂದ ದೊರೆತ ಆಸ್ಟ್ರಕಾಡ್ ಎಂಬ ಸೂಕ್ಷ್ಮ ಚಿಪ್ಪುಜೀವಿಗಳ ಅಧ್ಯಯನವನ್ನು ವಾಟ್ಲಿ, ಬಾಜಪೇಯಿ ಮತ್ತು ಶ್ರೀನಿವಾಸನ್ 2002ರಲ್ಲಿ ಪ್ರಕಟಿಸಿದರು. ಅವು ಕ್ರಿಟೇಷಿಯಸ್ ಯುಗದ ಕೊನೆಯ ಭಾಗದ ಸಿಹಿನೀರಿನ ಜೀವಿಗಳು. ಅಂದರೆ ರಾಜಾಸಾರಸ್‌ನ ಯುಗಕ್ಕೆ ಹೊಂದುವ ಕೆರೆಯ ಹೂಳು ನಮ್ಮ ನೆರೆಯಲ್ಲೇ ಇದೆ.

ಅಲ್ಲಿ ಡೈನೋಸಾರ್ ಸಿಗುವುದೇ ಎಂಬುದಕ್ಕೆ ಬೇರೆಡೆಯ ಅನುಭವ ದಾರಿ ತೋರುತ್ತದೆ. ಕಚ್ಛ್ ಜಿಲ್ಲೆಯ ಅಂಜಾರ್‌ನಲ್ಲಿ ಅಂತರ್‌ಟ್ರ್ಯಾಪ್ ಪದರದಿಂದ ಡೈನೋಸಾರ್ ಮೂಳೆ ಹಾಗೂ ಮೊಟ್ಟೆಚಿಪ್ಪುಗಳು ದೊರೆತಿವೆ. ತೆಲಂಗಾಣದ ವಿಕಾರಾಬಾದ್ ಬಳಿಯ ನಸ್ಕಲ್‌ನ ಇಂಥದೇ ಪದರದಿಂದ ಜಿ. ವಿ. ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಭಾರತದ ಮೊದಲ ಕ್ರಿಟೇಷಿಯಸ್ ಸಸ್ತನಿ ಡೆಕನೊಲೆಸ್ಟಿಸ್‌ನ್ನು ವರದಿ ಮಾಡಿದರು. ಅದರ ಸಾಕ್ಷ್ಯ ಕೆಲವು ಮಿಲಿಮೀಟರುಗಳಷ್ಟೇ ಇರುವ ಹಲ್ಲುಗಳು. ಮಣ್ಣನ್ನು ನೀರಿನಲ್ಲಿ ಕರಗಿಸಿ ಸಣ್ಣ ಜಾಲರಿಯಲ್ಲಿ ಸೋಸಿ, ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಹೆಕ್ಕುವುದು ಇದರ ಕ್ರಮ. ನಮ್ಮ ಭಾಗದಲ್ಲಿ ದೊಡ್ಡ ಎಲುಬಿಗಿಂತ ಮೊದಲು ಒಂದು ಹಲ್ಲೋ ಮೊಟ್ಟೆಚಿಪ್ಪಿನ ಚೂರೋ ಸಿಗುವ ಸಾಧ್ಯತೆಯೇ ಹೆಚ್ಚು. ಶಹಾಬಾದ್, ಸೇಡಂಗಳ ಫರ್ಸಿ ಕಲ್ಲಿನಲ್ಲಿ ಹುಡುಕಿ ಫಲವಿಲ್ಲ. ಆ ಸುಣ್ಣಕಲ್ಲು ಡೈನೋಸಾರ್‌ಗಳಿಗಿಂತ ಬಹಳ ಹಿಂದಿನದು.

ಆತಂಕದ ವಿಷಯವೆಂದರೆ ಈ ಪದರಗಳು ತೆಳುವು. ಕರಿಕಲ್ಲಿನ ಕ್ವಾರಿಗಳಲ್ಲಿ, ರಸ್ತೆ ಕಡಿಯುವಲ್ಲಿ, ಬಾವಿ ತೋಡುವಲ್ಲಿ ಕರಿಕಲ್ಲಿನ ನಡುವೆ ಬರುವ ಬೂದು ಅಥವಾ ಹಸಿರು ಛಾಯೆಯ ಜೇಡಿ, ಬೆಣಚಿನಂಥ ಗಟ್ಟಿ ಪಟ್ಟಿ, ಇವು ಕ್ರಷರಿಗೂ ಬೇಡವಾದ ಕಸ. ಲಾರಿಯಲ್ಲಿ ಹೇರಿ ಎಲ್ಲಿಯೋ ಸುರಿಯಲಾಗುತ್ತದೆ. ಅದರೊಳಗಿನ ಚಿಪ್ಪು ಅಥವಾ ಮೂಳೆ ಆಮೇಲೆ ಯಾರ ಕಣ್ಣಿಗೆ ಬಿದ್ದರೂ ಅದು ಎರಡು ಲಾವಾ ಹಾಸುಗಳ ನಡುವಿನದೆಂದು ಹೇಳಲು ದಾರಿ ಉಳಿಯುವುದಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳನ್ನೂ ಅವುಗಳಲ್ಲಿ 256 ಮೊಟ್ಟೆಗಳನ್ನೂ ಗುರುತಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆ ಮೊಟ್ಟೆಗಳ ಬಹುಪಾಲು ಮಹತ್ವ ಇರುವುದು ಯಾವ ಮೊಟ್ಟೆ ಯಾವ ಗೂಡಿನಲ್ಲಿ ಹೇಗಿತ್ತೆಂಬುದು ತಿಳಿದಿರುವುದರಲ್ಲಿ. ಅದೇ ಜಿಲ್ಲೆಯ ಕೆಲವೆಡೆ ಇಂಥ ಗುಂಡುಕಲ್ಲುಗಳನ್ನು ಜನ ಕ್ಷೇತ್ರಪಾಲ ದೇವರೆಂದು ಎತ್ತಿ ತಂದು ಪೂಜಿಸುತ್ತಿದ್ದುದೂ ಅದೇ ವರ್ಷ ಸುದ್ದಿಯಾಯಿತು. ಭಕ್ತಿಯಿಂದಾಗಿ ಮೊಟ್ಟೆ ಉಳಿಯಿತು, ಗೂಡು ತಪ್ಪಿತು.

ಗುರುಮಠಕಲ್ ಸೀಮೆಯ ಕ್ವಾರಿಯೊಂದರಲ್ಲಿ ನಾಳೆ ಅಂಥದೊಂದು ಚೂರು ಕಂಡರೆ ಅದನ್ನು ಕಿತ್ತು ತರುವ ಮೊದಲು ಆಗಬೇಕಾದ ಕೆಲಸ ಸರಳ. ಇದ್ದಲ್ಲಿಯೇ ಅಳತೆಗೋಲಿನೊಡನೆ ಚಿತ್ರ ತೆಗೆಯುವುದು, ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಬರೆಯುವುದು, ಕೆಳಗಿನ ಹಾಗೂ ಮೇಲಿನ ಕರಿಕಲ್ಲಿನಿಂದ ಅದು ಎಷ್ಟು ಎತ್ತರ, ಎಷ್ಟು ತಗ್ಗಿನಲ್ಲಿದೆ ಎಂದು ಅಳೆಯುವುದು, ಸುತ್ತ ಕಾಣುವ ಪ್ರತಿ ತುಣುಕಿನ ಜಾಗವನ್ನು ಹಾಳೆಯೊಂದರಲ್ಲಿ ಗೆರೆ ಎಳೆದು ಗುರುತಿಸುವುದು. ಆ ಹಾಳೆಯ ಒಂದು ಪ್ರತಿ ಮೂಳೆಯ ಜೊತೆಗೂ ಇನ್ನೊಂದು ಮೂಳೆಯಿಂದ ದೂರ, ಒಂದು ಗ್ರಂಥಾಲಯದಲ್ಲಿಯೂ ಇರಬೇಕು. ರಹಿಯೋಲಿಯಲ್ಲಿ 1982ರಿಂದ 1984ರವರೆಗೆ ಬರೆದ ನಕ್ಷೆಯನ್ನು ಓದುವವರು ಬಂದದ್ದು 2001ರಲ್ಲಿ.